ಹನುಮಸಾಗರದ ತೆಳು ಗಾಳಿ

ಬೆಳಗಿನ ಆರೂವರೆಗೆ ಗಂಗಾವತಿಯಲ್ಲಿ ಕುಷ್ಟಗಿ ಬಸ್ ಹತ್ತಿದೆ. ಹೆಂಗಸಾದ್ದರಿಂದ ಕಂಡಕ್ಟರ್ ಶೂನ್ಯ ಟಿಕೆಟ್ ಹರಿದು ಕೊಟ್ಟ. ಚೀಲದಲ್ಲಿ ಮೀಟರು, ನಟ್ಟು ಬಿಚ್ಚುವ ಪಾನಾ, ಅವ್ವ ಕಟ್ಟಿದ ರೊಟ್ಟಿ ಪುಂಡಿಪಲ್ಯ ಇದ್ದವು. ಅವ್ವ ಅಕ್ಕಿ ಗಿರಣಿಯಲ್ಲಿ ಕಸ ಗುಡಿಸುತ್ತಾಳೆ. ನಮ್ಮ ಮನೆತನದಲ್ಲಿ ಎಂಜಿನಿಯರಿಂಗ್ ಓದಿದ ಮೊದಲನೆಯವಳು ನಾನು. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಆದರೆ ಅಂದು ಹೊರಟದ್ದು ನನ್ನದೇ ಸಹಿಯ ಬೆನ್ನುಹತ್ತಿ. ಹನುಮಸಾಗರದ ಬೀಬಿಜಾನ್ ಮೊಟ್ಟೆಗೆ ಕಾವು ಕೊಟ್ಟು ಕೋಳಿಮರಿ ಮಾಡಿ ಮಾರುತ್ತಾರೆ. ನಮ್ಮ ಗಂಗಾವತಿ ಬದಿಯ ಕಾರಟಗಿಯ ಸಣ್ಣ ಅಕ್ಕಿ ಗಿರಣಿಯ ಹಳೇ ಡೀಸೆಲ್ ಜನರೇಟರ್ ಅವರಿಗೆ ಸಾಕು ಎಂದು ಬರೆದು ಸಹಿ ಹಾಕಿದವಳು ನಾನು. ಈಗ ಅದು ಭಾರ ಹೊರಲಾರದೆ ಕಪ್ಪು ಹೊಗೆ ಕಾರಿ ನಿಲ್ಲುತ್ತಿತ್ತು. ಅಂದು ಮೊಟ್ಟೆಗಳಿಗೆ ಇಪ್ಪತ್ತೊಂದನೆಯ ದಿನ, ಮರಿ ಹೊರಬರುವ ದಿನ. ಅಂದೇ ಲೈನ್ ದುರಸ್ತಿ. ಹನ್ನೊಂದರಿಂದ ಸಂಜೆಯವರೆಗೆ ಕರೆಂಟಿಲ್ಲ.

ಕನಕಗಿರಿ ದಾಟುವಾಗ ಹಸಿರು ಹಿಂದೆ ಉಳಿಯಿತು. ತಾವರಗೇರಾದ ಆಚೆ ನೆಲ ತನಗೇ ತಿಳಿಯದಂತೆ ಮೇಲೇರುತ್ತಿತ್ತು. ಕಿಟಕಿಗೆ ತಲೆಯಾನಿಸಿ ತೂಕಡಿಸಿದೆ. ನನಗೆ ಪದವಿ ಕೊಟ್ಟ ದಿನ ಅವ್ವ ಕಾಲೇಜಿನ ಮೆಟ್ಟಿಲು ಹತ್ತಿದ್ದು ಕಂಡಿತು: ನಾಲ್ಕು ಮೆಟ್ಟಿಲಿಗೊಮ್ಮೆ ನಿಂತು ಉಸಿರು ತಗೊಂಡು, ಮತ್ತೆ ನಾಲ್ಕು. ಎಚ್ಚರಾದಾಗ ಕುಷ್ಟಗಿ. ಮೊಬೈಲು ಗಂಗಾವತಿಗಿಂತ ಇನ್ನೂರು ಮೀಟರಿಗೂ ಹೆಚ್ಚು ಎತ್ತರ ತೋರಿಸುತ್ತಿತ್ತು. ಆ ಎತ್ತರವನ್ನು ನಾನು ಲೆಕ್ಕಕ್ಕೆ ಹಿಡಿದಿರಲೇ ಇಲ್ಲ. ನಿಲ್ದಾಣದ ಒಗ್ಗರಣಿ ಮಿರ್ಚಿ ಅಂಗಡಿಯತ್ತ ನೋಡದೆ ಹನುಮಸಾಗರದ ಬಸ್ ಹತ್ತಿದೆ.

ಹನುಮಸಾಗರ ಮುಟ್ಟುವ ಹೊತ್ತಿಗೆ ಬಿಸಿಲು ಬಿಳಿಯಾಗಿತ್ತು. ಬೀಬಿಜಾನ್ ಅವರ ಗಂಡ ಮೌಲಾಸಾಬ ಬಾಗಿಲಲ್ಲೇ ಚುಚ್ಚಿದರು. "ಬರ್ರಿ ಬಾಯಾರ. ನಿಮ್ಮ ಮಷೀನು ಕಾರಟಗ್ಯಾಗ ಅನ್ನ ಉಂಡ ಬೆಳದೈತಿ. ನಮ್ಮ ಸಜ್ಜಿ ರೊಟ್ಟಿ ಅದಕ್ಕ ಹತ್ತವಲ್ದು."

ಜನರೇಟರ್ ಇಟ್ಟ ತಗಡಿನ ಕೋಣೆಯೊಳಗೆ ಕಾಲಿಟ್ಟರೆ ಮುಖಕ್ಕೆ ಒಲೆಯ ಝಳ. ಎರಡೂ ಕಿಟಕಿಯ ಸರಳಿಗೆ ಹಳೇ ಬಟ್ಟೆಯ ದಪ್ಪ ಕೌದಿ ಹೊಲಿದು ಮುಚ್ಚಿದ್ದರು. ಇದ್ಯಾಕೆ ಎಂದೆ.

"ತತ್ತಿ ಬೆಚ್ಚಗಿದ್ರ ಜೀವ ಹಿಡೀತೈತ್ರಿ," ಎಂದರು ಬೀಬಿಜಾನ್. "ಇಂಜಿನ್ನಿಗೂ ಹಂಗ ಅಂತ ಮಾಡೀನ್ರಿ. ನಾನ ಹೊಲದಿದ್ದು."

ಎತ್ತರಕ್ಕೆ ಹೋದಂತೆ ಗಾಳಿ ತೆಳ್ಳಗಾಗುತ್ತದೆ, ಕಾದರೆ ಇನ್ನೂ ತೆಳ್ಳಗಾಗುತ್ತದೆ, ಅಂಥ ಗಾಳಿಯಲ್ಲಿ ಡೀಸೆಲ್ ಪೂರ್ತಿ ಉರಿಯದೆ ಹೊಗೆಯಾಗಿ ಶಕ್ತಿ ಕುಗ್ಗುತ್ತದೆ ಎಂದು ಬಿಡಿಸಿ ಹೇಳಿದೆ. ಮೌಲಾಸಾಬ ಹೆಂಡತಿಯತ್ತ ತಿರುಗಿ, ನೋಡು, ಎಲ್ಲ ನಿನ್ನ ಕೌದಿ ಕೆಲಸ ಎಂದರು. ಬೀಬಿಜಾನ್ ತಲೆ ತಗ್ಗಿಸಿದರು. ನಾನು ಸುಮ್ಮನಿದ್ದಿದ್ದರೆ ತಪ್ಪು ಅವರ ಮೇಲೆಯೇ ಉಳಿಯುತ್ತಿತ್ತು.

"ಕೌದಿ ತಪ್ಪು ಅರ್ಧರಿ," ಎಂದೆ. "ಉಳಿದದ್ದು ನಂದು. ಗಂಗಾವತ್ಯಾಗ ಕುಂತು ಲೆಕ್ಕಾ ಹಾಕಿದೆ. ಈ ಎತ್ತರಾನೂ ಹಿಡೀಲಿಲ್ಲ, ಈ ತಗಡಿನ ಬಿಸಲಾನೂ ಹಿಡೀಲಿಲ್ಲ. ಕೌದಿ ತಗದ್ರೂ ಕಾರಟಗ್ಯಾಗ ಎಳದಷ್ಟು ಇದು ಇಲ್ಲಿ ಎಳಿಯೂದಿಲ್ರಿ."

ಮೌಲಾಸಾಬ ತಾವೇ ಕುಡುಗೋಲು ತಂದು ಹೊಲಿಗೆ ಬಿಚ್ಚಿದರು. ಎಂಜಿನ್ನಿನ ಬಿಸಿಗಾಳಿ ಒಳಗೇ ಸುತ್ತದಂತೆ ಹಿಂದಿನ ತಗಡನ್ನೂ ಕಿತ್ತೆವು. ಬೋರ್‌ವೆಲ್ ಮೋಟಾರಿನ ತಂತಿ ಬಿಡಿಸಿ, ಜನರೇಟರಿನ ಮೇಲೆ ಕಾವಿನ ಪೆಟ್ಟಿಗೆಗಳ ಭಾರವನ್ನಷ್ಟೇ ಉಳಿಸಿದೆ. ಹನ್ನೊಂದಕ್ಕೆ ಕರೆಂಟು ಹೋಯಿತು. ಎಂಜಿನ್ನು ಕೆಮ್ಮಿತು, ಕಪ್ಪಗೆ ಉಗುಳಿತು, ಆಮೇಲೆ ಹೊಗೆ ನಿಧಾನವಾಗಿ ತಿಳಿಯಾಯಿತು.

ಆ ಮಧ್ಯಾಹ್ನ ಕಳೆದದ್ದೇ ಗೊತ್ತಾಗಲಿಲ್ಲ. ಗುಡುಗುಡು ಸದ್ದಿನಲ್ಲಿ ನಾವು ಮೂವರೂ ಅವ್ವನ ರೊಟ್ಟಿ ಹಂಚಿಕೊಂಡು ತಿಂದೆವು. ಮೂರು ಗಂಟೆಯ ಸುಮಾರಿಗೆ ಬೀಬಿಜಾನ್ ನನ್ನ ಕೈಹಿಡಿದು ಪೆಟ್ಟಿಗೆಯ ಗಾಜಿಗೆ ಕಿವಿ ಹಚ್ಚಿಸಿದರು. ಎಂಜಿನ್ನಿನ ಸದ್ದಿನ ತಳದಲ್ಲಿ, ಎಲ್ಲೋ ಬಹು ದೂರದಿಂದ ಬಂದಂತೆ, ಚಿಂವ್ ಎಂದಿತು.

ಹೊರಡುವ ಮುಂಚೆ ಜನರೇಟರಿನ ಮೈಮೇಲೆ ಸುಣ್ಣದ ಬಳಪದಿಂದ ಬರೆದೆ: ಕರೆಂಟಿಲ್ಲದಾಗ ಮೋಟಾರು ಹಾಕಬೇಡಿ. ಕೆಳಗೆ ಮತ್ತೊಮ್ಮೆ ಸಹಿ ಮಾಡಿದೆ.

ಬಸ್ಸು ತಿರುವು ತಗೊಂಡಾಗ ಹಿಂದೆ ನೋಡಿದೆ. ಬೀಬಿಜಾನರ ಕೌದಿಗಳು ಬೇಲಿಯ ಮೇಲೆ ಹರಡಿದ್ದವು. ಗಾಳಿ ಅವನ್ನು ಎತ್ತಿ, ಕೆಳಗಿಂದ ನುಸುಳಿ, ತೆರೆದ ಕಿಟಕಿಯೊಳಗೆ ಹೋಗುತ್ತಿತ್ತು.