ಅತ್ತೆಯ ಕಿವಿಯ ಅಳತೆ

ಇವತ್ತು ಜೋಳ ಹಸನು ಮಾಡಿದೆ, ಪುಂಡಿಪಲ್ಯ ಸೋಸಿದೆ, ಹಳೆ ಸೀರೆ ಹೊಲಿದು ಮಾಡಿದ ದಪ್ಪ ಕೌದಿಗಳನ್ನು ಬಿಸಿಲಿಗೆ ಹಾಕಿದೆ. ಕೊನೆಯ ಕೌದಿ ಮಡಚುವಾಗ ಹೊಸ ಸ್ಪೀಕರಿನ ಮುಂದೆ ಕೂತಿದ್ದ ಮಗಳು ಕರೆದಳು. ಕೋಣೆಯ ಗುಂಯ್‌ಗುಡುವಿಕೆಯನ್ನು ಅದು ತಾನೇ ತಿದ್ದಿಕೊಳ್ಳುತ್ತದಂತೆ. "ಯವ್ವಾ, ತಿದ್ದಿದ್ದಕ್ಕಿಂತ ತಿದ್ದಲಾರದ್ದೇ ಚಲೋ ಕೇಳ್ತದ."

ನನಗೆ ನಗು ತಡೆಯಲಾಗಲಿಲ್ಲ. ಕೈಯಲ್ಲಿನ ಕೌದಿ ಎಂಬತ್ತರ ದಶಕದ ಜೇವರ್ಗಿಗೆ ಎಳೆದೊಯ್ಯಿತು, ನೀವೂ ಬನ್ನಿ.

ಆಗ ನಮ್ಮವರು ಹೊಸದಾಗಿ ಬಾಡಿಗೆಗೆ ಕೊಡುವ ಮೈಕ್‌ಸೆಟ್ ಇಟ್ಟಿದ್ದರು. ಇಜೇರಿ ಗೌಡರ ಮಗಳ ಮದುವೆಯೇ ಮೊದಲ ದೊಡ್ಡ ಕೆಲಸ. ಮದುವೆಯ ಹಾಲ್ ಕಲ್ಲುಗೋಡೆಯದು, ಒಂದು ಮಾತಿಗೆ ನಾಲ್ಕು ಮಾತು ತಿರುಗಿಸುವಂಥದು. ಹಿಂದಿನ ದಿನ ಗೌಡರು ಬಂದು, ಮೈಕಿನಲ್ಲಿ ಹೆಸರು ಕೂಗಿಸಿ ಕೇಳಿ ನೋಡಿದರು. "ಬೀಗರ ಹೆಸರೇ ತಿಳಿಯಂಗಿಲ್ಲ. ಸಂಜಿ ಒಳಗ ಸರಿ ಮಾಡ್ರಿ, ಇಲ್ಲಾಂದ್ರ ಕಲಬುರ್ಗಿ ಸೆಟ್ ತರಿಸ್ತೇನಿ."

ನಮ್ಮವರ ಮುಖ ಬಾಡಿತು. ನಾನು ಓಣಿಯ ಕೌದಿಗಳನ್ನೆಲ್ಲ ಬೇಡಿ ತಂದು ಗೋಡೆಗೆ ಕಟ್ಟಿಸಿದೆ. ಸಾಮಾನು ತುಂಬಿದ ಮನೆ ಗುಂಯ್‌ಗುಡುವುದಿಲ್ಲ ಎಂಬುದಷ್ಟೇ ನನ್ನ ವಿದ್ಯೆ.

ಗೌಡರು ಮತ್ತೆ ಕೇಳಿ, "ಮೊದಲಿಂದೇ ಚಲೋ ಇತ್ತು. ಈಗ ಸೌಂಡಿಗಿ ಜ್ವರ ಬಂದಂಗ ಆಗ್ಯಾದ," ಎಂದರು.

"ಕೌದಿ ಸೌಂಡ್ ಕುಡದಾವ್ರಿ, ಜೋರಿದ್ದದ್ದೇ ಕಿವಿಗಿ ಚಲೋ ಅನಸ್ತದ. ಕೌದಿ ಇದ್ದಾಗ, ಇಲ್ದಾಗ, ಎರಡೂ ಸರತಿ ಒಂದೇ ಜೋರಿಗಿ ತಂದು ಕೇಳ್ರಿ," ಎಂದೆ.

ಆದರೆ ಸಮ ಎಂದು ಹೇಳುವವರು ಯಾರು? ನನ್ನ ಕಿವಿ ಕೌದಿಯ ಕಡೆ, ಗೌಡರದು ಗೋಡೆಯ ಕಡೆ. ಯಾರ ಕಡೆಗೂ ಇಲ್ಲದ್ದು ನಮ್ಮ ಅತ್ತೆಯ ಅರೆಕಿವುಡು ಕಿವಿ. ಇಷ್ಟು ಜೋರಾದರೆ ಕೇಳಿಸೀತು, ಕೂದಲೆಳೆ ಕಡಿಮೆಯಾದರೂ ಇಲ್ಲ. ಕೊನೆಯ ಕಂಬದ ಬಳಿ ಗೋಡೆಗೆ ಮುಖ ಮಾಡಿಸಿ ಕೂರಿಸಿ, ಕೇಳಿದೊಡನೆ ಕೈ ಎತ್ತಲು ಹೇಳಿದೆವು.

ನಮ್ಮವರು ಮೈಕಿನಲ್ಲಿ ಮೆಲ್ಲಗೆ, "ಅವ್ವಾ, ಚಹಾ ಕುಡೀತಿ?" ಎಂದದ್ದೇ ತಡ, ಕೈ ಮೇಲೆ.

"ಚಹಾ ಬಿಟ್ಟು ಬ್ಯಾರೆ ಏನರ ಅನ್ರೀ," ಎಂದೆ. ಗೌಡರಿಗೂ ನಗು.

ಆಮೇಲೆ ಬರೀ ಬೀಗರ, ಎರಡೂ ಮನೆಯ ಹಿರಿಯರ ಹೆಸರು. ಕೌದಿ ಇದ್ದಾಗ ಸೆಟ್ಟಿನ ಜೋರಿನ ಗುಂಡಿ ಆರಕ್ಕೆ ಬಂದ ಮೇಲೆ ಕೈ ಎದ್ದಿತು. ಕೌದಿ ಬಿಚ್ಚಿದೆವು; ನಾಲ್ಕಕ್ಕೇ ಎದ್ದಿತು, ಆದರೆ ಹೆಸರುಗಳೆಲ್ಲ ಕಲಸಿದ ಹಿಟ್ಟು. ಬೈದುಕೊಳ್ಳುತ್ತಲೇ ಮತ್ತೆ ಕಟ್ಟಿ ಆರಕ್ಕಿಟ್ಟೆವು. ಒಂದೊಂದು ಹೆಸರೂ ಬಿಡಿಬಿಡಿಯಾಗಿ ಕೊನೆಯ ಕಂಬ ಮುಟ್ಟಿತು. ನಡುವೆ ತಮ್ಮ ಅಪ್ಪನ ಹೆಸರು ಕೇಳಿ ಗೌಡರು ರುಮಾಲು ಸರಿಮಾಡಿಕೊಂಡು ಅತ್ತೆಯ ಕಡೆ ತಿರುಗಿದರು. "ನಾಳಿ ಸೆಟ್ಟಿನ ಜೋಡಿ ಆಯೀನ್ನೂ ಕರ್ಕೊಂಡು ಬರ್ರಿ."

ಕಥೆ ಮುಗಿದಾಗ ಮಗಳು ಕೇಳಿದಳು, "ಈಗ ಆಯಿ ಕಿವಿ ಎಲ್ಲಿಂದ ತರೋದು?"

ನನ್ನ ಎಡಗಿವಿ ಮಂದವಾಗಿ ವರ್ಷವಾಗಿತ್ತು, ಯಾರಿಗೂ ಹೇಳಿರಲಿಲ್ಲ. ಬಲಗಿವಿಗೆ ಸೆರಗು ಒತ್ತಿ, ಗೋಡೆಗೆ ಮುಖ ಮಾಡಿ ಕೂತೆ.

"ಯವ್ವಾ, ನಿನಗ ಆ ಕಿವಿ ಕೇಳಂಗಿಲ್ಲೇನು?"

"ಚಹಾ ಅಂದ್ರ ಕೇಳ್ತದ."

ತಿದ್ದಿದ್ದಕ್ಕೊಮ್ಮೆ, ತಿದ್ದದೆ ಬಿಟ್ಟದ್ದಕ್ಕೊಮ್ಮೆ ಕೈ ಎತ್ತಿದೆ. ಮಗಳು ಆ ಜೋರಿಗೆ ಸಮ ಮಾಡಿ ಕೇಳಿದರೆ ತಿದ್ದಿದ್ದೇ ಗೆದ್ದಿತು. ರಾತ್ರಿ ರೊಟ್ಟಿ, ಪುಂಡಿಪಲ್ಯ, ಮೊಸರು ಉಂಡೆವು. ಹಾಡು ಪೂರಾ ಕೇಳಿಯೇ ಏಳುತ್ತೇನೆಂದು ಸ್ಪೀಕರಿನ ಮುಂದೆ ಕೂತ ನಮ್ಮವರೇ ಎಲ್ಲರಿಗಿಂತ ಮೊದಲು ಮಲಗಿದರು.