ಮೊದಲ ಸಲ ಕೆರಿಬಿಯನ್ ಕಡಲಿಗೆ ಇಳಿಯುವವರಿಗೆ

ನಮ್ಮ ಸರೋಜತ್ತೆ ಬಾರ್ಬಡೋಸಿನ ಸಮುದ್ರದಲ್ಲಿ ಮುಳುಗುತ್ತಿದ್ದರು, ಅಲ್ಲಿಯ ಜೀವರಕ್ಷಕ ನೀರಿಗೆ ಹಾರಿ ಎತ್ತಿ ತಂದ ಎಂಬ ಕಥೆ ಶಿಡ್ಲಘಟ್ಟದಲ್ಲಿ ಯಾರನ್ನು ಕೇಳಿದರೂ ಸಿಗುತ್ತದೆ. ಹಾಲಿನ ಡೈರಿಯ ಮುಂದೆ ಕೇಳಿದರೆ ಅದರಲ್ಲಿ ಒಂದು ಅಲೆ ಇರುತ್ತದೆ. ರೇಷ್ಮೆಗೂಡಿನ ಮಾರುಕಟ್ಟೆ ದಾಟುವಾಗ ಅಲೆ ಮೂರಾಗುತ್ತದೆ. ಬಸ್ ಸ್ಟ್ಯಾಂಡ್ ತಲುಪುವಷ್ಟರಲ್ಲಿ ಒಂದು ತಿಮಿಂಗಿಲವೂ ಬಂದು ಸೇರಿಕೊಂಡಿರುತ್ತದೆ. ಈ ಕಥೆ ಹೇಳುವವರಲ್ಲಿ, ಅದಕ್ಕೆ ಹೂಂಗುಟ್ಟುವವರಲ್ಲಿ, ಒಬ್ಬರನ್ನು ಬಿಟ್ಟರೆ ಉಳಿದ ಯಾರೂ ಅಲ್ಲಿದ್ದವರಲ್ಲ. ಆ ಒಬ್ಬರು ನಮ್ಮ ಮಾವ, ಅಂದರೆ ಅತ್ತೆಯ ಗಂಡ. ಅಲ್ಲಿದ್ದ ಇನ್ನಿಬ್ಬರಲ್ಲಿ ಒಬ್ಬರು ಸ್ವತಃ ಅತ್ತೆ. ಈ ಮಾತು ಬಂದಾಗಲೆಲ್ಲ ಅವರು ಹಾಲು ಉಕ್ಕಿತೇನೋ ಎಂದು ಎದ್ದು ಅಡುಗೆಮನೆಗೆ ಹೋಗುತ್ತಾರೆ. ಇನ್ನೊಬ್ಬಳು ನಾನು.

ನಾನು ಚಿಂತಾಮಣಿಯ ಕಾಲೇಜಿನಲ್ಲಿ ಮೂರು ವರ್ಷ ಓದಿದ್ದಕ್ಕಿಂತ ಚರ್ಚಾಸ್ಪರ್ಧೆಗಳಲ್ಲಿ ಮಾತಾಡಿದ್ದೇ ಹೆಚ್ಚು. ಗೌರಿಬಿದನೂರಿನಲ್ಲಿ ‘ಟಿ.ವಿ.ಯಿಂದ ಸಮಾಜಕ್ಕೆ ಕೇಡು’ ಎಂದು ವಾದಿಸಿ ಗೆದ್ದ ಶೀಲ್ಡನ್ನು, ಮರುವಾರ ಚಿಕ್ಕಬಳ್ಳಾಪುರದಲ್ಲಿ ‘ಟಿ.ವಿ.ಯಿಂದ ಸಮಾಜಕ್ಕೆ ಒಳಿತು’ ಎಂದು ವಾದಿಸಿ ಗೆದ್ದ ಶೀಲ್ಡಿನ ಪಕ್ಕದಲ್ಲೇ ಇಟ್ಟಿದ್ದೇನೆ. ಎರಡೂ ಒಂದಕ್ಕೊಂದು ಏನೂ ಅನ್ನದೆ ಷೋಕೇಸಿನಲ್ಲಿ ಕೂತಿವೆ. ಈ ಅಭ್ಯಾಸದಿಂದ ಒಂದು ಕೆಡುಕು ಆಗಿದೆ. ಎಲ್ಲರೂ ಒಪ್ಪಿಕೊಂಡ ಕಥೆ ಕಿವಿಗೆ ಬಿದ್ದರೆ ಸಾಕು, ಕೈ ಎತ್ತಿ ಎದ್ದು ನಿಲ್ಲಬೇಕು ಅನ್ನಿಸುತ್ತದೆ. ಆದ್ದರಿಂದ ಈ ಬರಹ ಎರಡು ಕೆಲಸ ಮಾಡಲಿದೆ. ಮೊದಲ ಸಲ ಕೆರಿಬಿಯನ್ ಕಡಲತೀರದ ರೆಸಾರ್ಟಿಗೆ ಹೋಗುವವರಿಗೆ ಉಪಯೋಗಕ್ಕೆ ಬರುವ ನಾಲ್ಕು ಮಾತು ಹೇಳಲಿದೆ. ನಮ್ಮತ್ತೆಯನ್ನು ಊರಿನ ಬಾಯಿಂದ ದಡಕ್ಕೆ ತರಲಿದೆ. ನಮ್ಮ ಕಡೆಯಿಂದ ಕೆರಿಬಿಯನ್ನಿಗೆ ಹೋಗುವವರು ಯಾರಿದ್ದಾರೆ ಎಂದು ಕೇಳಬೇಡಿ. ಟೆಲಿಗ್ರಾಂ ಬರುವ ಹಿಂದಿನ ದಿನದವರೆಗೆ ನಾವೂ ಹೋಗುವವರಾಗಿರಲಿಲ್ಲ.

ನಮ್ಮನ್ನು ಕಳಿಸಿದ್ದು ಚಹಾಪುಡಿ. ಪೊಟ್ಟಣದ ಮೇಲಿನ ಕೂಪನ್ ಕತ್ತರಿಸಿ, ‘ಈ ಚಹಾ ನನಗೆ ಏಕೆ ಇಷ್ಟವೆಂದರೆ’ ಎಂಬ ವಾಕ್ಯವನ್ನು ಹತ್ತು ಪದಗಳೊಳಗೆ ಮುಗಿಸಿ ಅಂಚೆಗೆ ಹಾಕುವ ಸ್ಪರ್ಧೆ. ಸೋಪು, ಬಿಸ್ಕತ್ತು, ಹಲ್ಲುಪುಡಿ, ಆಗ ಎಲ್ಲವೂ ಜನರಿಂದ ಹೀಗೆ ಹೊಗಳಿಸಿಕೊಳ್ಳುತ್ತಿದ್ದವು. ಒಬ್ಬರಿಗೆ ಒಂದೇ ಕೂಪನ್ ಎಂದು ನಿಯಮವಿದ್ದುದರಿಂದ ನಾನು ಮನೆಯ ಎಲ್ಲರ ಹೆಸರಿನಲ್ಲೂ ಒಂದೊಂದು ಬರೆದು ಹಾಕಿದೆ. ಅತ್ತೆಯ ಹೆಸರಿನದು ಗೆದ್ದಿತು ಎಂದು ಟೆಲಿಗ್ರಾಂ ಬಂತು. ವಿಜೇತರು ಮತ್ತು ಮನೆಯವರಿಬ್ಬರು, ಏಳು ದಿನ, ಬಾರ್ಬಡೋಸ್. ಏನು ಬರೆದಿದ್ದೆ ಎಂದು ಹೇಳುವುದಿಲ್ಲ, ನಾಚಿಕೆಯಾಗುತ್ತದೆ. ನಮ್ಮ ಮನೆಯಲ್ಲಿ ತಲೆಮಾರುಗಳಿಂದ ಕಾಫಿ ಬಿಟ್ಟು ಬೇರೇನೂ ಕುಡಿದಿಲ್ಲ. ಆ ಪುಡಿಯನ್ನೆಲ್ಲ ಅತ್ತೆ ಗುಲಾಬಿ ಗಿಡದ ಬುಡಕ್ಕೆ ಹಾಕಿದ್ದರು. ಗಿಡಕ್ಕೆ ಇಷ್ಟವಾಗಿತ್ತು, ಅಷ್ಟರಮಟ್ಟಿಗೆ ನನ್ನ ವಾಕ್ಯ ಸುಳ್ಳಲ್ಲ.

ಹೊರಡುವ ಮುಂಚೆ ಊರಿನವರ ಸಲಹೆ ಕೇಳಿ, ಆದರೆ ಬರೆದುಕೊಳ್ಳಬೇಡಿ. ಮಾವ ಬರೆದುಕೊಂಡರು. ಅವರು ಹೈಸ್ಕೂಲಿನ ಪಿ.ಟಿ. ಮೇಷ್ಟ್ರು, ಎಲ್ಲದಕ್ಕೂ ನೋಟ್‌ಬುಕ್ಕು, ಎಲ್ಲದಕ್ಕೂ ಸೀಟಿ. ಎದುರು ಮನೆಯ ರತ್ನಮ್ಮ ಜಗಲಿಯ ಮೇಲೆ ಕೂತು ಹೇಳಿದರು: “ಸಮುದ್ರ ಅಂದ್ರೆ ಸಾಮಾನ್ಯ ಅಲ್ಲ ಮೇಷ್ಟ್ರೇ. ಅದು ಒಳಕ್ಕೆ ಎಳ್ಕೊಂತದಂತೆ. ನಮ್ ಬಾವ ತಿರುಪತಿಗೆ ಹೋದಾಗ ಕೇಳ್ಕೊಂಡು ಬಂದ್ರು.”

“ತಿರುಪತೀಲಿ ಸಮುದ್ರ ಎಲ್ಲಿದೆ ರತ್ನಮ್ಮ?” ಎಂದೆ.

“ಅದೇ ನೋಡಮ್ಮಾ. ಅಷ್ಟು ದೂರದೋರಿಗೇ ಭಯ ಇದೆ ಅಂದ್ರೆ, ಹತ್ರ ಹೋದೋರಿಗೆ ಏಮಿ ಗತಿ?”

ಇಂಥ ವಾದಕ್ಕೆ ಉತ್ತರ ಕೊಡುವುದನ್ನು ಯಾವ ಕಾಲೇಜಿನಲ್ಲೂ ಕಲಿಸುವುದಿಲ್ಲ. ಮಾವ ಬರೆದುಕೊಂಡರು: ‘ಎಳೆಯುತ್ತದೆ.’

ಆ ದ್ವೀಪದ ಬಗ್ಗೆ ಊರಿಗೆ ಗೊತ್ತಿದ್ದದ್ದೆಲ್ಲ ರೇಡಿಯೋದ ಕ್ರಿಕೆಟ್ ಕಾಮೆಂಟರಿಯಿಂದ ಬಂದದ್ದು. ಅಲ್ಲಿ ಎಲ್ಲರೂ ಆರೂವರೆ ಅಡಿ, ಎಲ್ಲರೂ ವೇಗದ ಬೌಲರುಗಳು. ಮಾವ ಹೆಲ್ಮೆಟ್ ಒಯ್ಯುವ ಯೋಚನೆ ಮಾಡಿದ್ದರು ಎಂದರೆ ಉತ್ಪ್ರೇಕ್ಷೆ ಅನ್ನಿಸಬಹುದು, ಆದರೆ ಮಾಡಿದ್ದರು. ನಮ್ಮ ಪಾಸ್‌ಪೋರ್ಟಿಗೆ ಮುದ್ರೆ ಒತ್ತಿದ್ದು ನನಗಿಂತ ಗಿಡ್ಡವಾದ ಒಬ್ಬ ಹೆಂಗಸು. ನಾವು ಇಂಡಿಯಾದವರು ಎಂದಾಗ ಆಕೆ ನಕ್ಕದ್ದಕ್ಕೆ ಕಾರಣ ಆಮೇಲೆ ಹೊಳೆಯಿತು. ನಮ್ಮನ್ನು ಹುಡುಕಿಕೊಂಡು ಹೊರಟ ನಾವಿಕನೊಬ್ಬ ದಾರಿ ತಪ್ಪಿ ಆ ಕಡೆ ಬಂದು, ಆ ದ್ವೀಪಗಳಿಗೆ ನಮ್ಮ ಹೆಸರನ್ನೇ ಇಟ್ಟುಬಿಟ್ಟ. ತಪ್ಪು ವಿಳಾಸಕ್ಕೆ ಬಿದ್ದ ಕಾಗದ ಅದು. ಕೊನೆಗೂ ಶಿಡ್ಲಘಟ್ಟದಿಂದ ನಾವೇ ಹೋಗಿ, ‘ಕಾಗದ ನಮಗೆ ಬಂದದ್ದು, ಆದರೆ ನೀವೇ ಇಟ್ಟುಕೊಳ್ಳಿ’ ಎಂದ ಹಾಗಾಯಿತು.

ರಾಗಿಹಿಟ್ಟು ಒಯ್ಯಬೇಡಿ. ಕಂದುಬಣ್ಣದ ಪುಡಿ ತುಂಬಿದ ಎರಡು ಕಿಲೋ ಚೀಲವನ್ನು ಕಸ್ಟಮ್ಸ್ ಅಧಿಕಾರಿಗೆ ವಿವರಿಸುವುದು ನಾನು ಈವರೆಗೆ ಪೂರ್ತಿಯಾಗಿ ಸೋತ ಒಂದೇ ಚರ್ಚೆ. ರೆಸಾರ್ಟಿನಲ್ಲಿ ಬಾಳೆಕಾಯಿ ಹುರಿದು ಕೊಡುತ್ತಾರೆ, ಧೈರ್ಯವಾಗಿ ತಿನ್ನಿ. ಮರಳಿನ ಮೇಲೆ ಮಲಗುವ ಕುರ್ಚಿಗಳಿರುತ್ತವೆ. ಶೀತದೇಶದ ಜನ ಬೆಳಗಿನಿಂದ ಸಂಜೆಯವರೆಗೆ ಅವುಗಳ ಮೇಲೆ ಹಪ್ಪಳದ ಹಾಗೆ ಒಣಗುತ್ತಾರೆ, ನಡುವೆ ಒಮ್ಮೆ ಮಗುಚಿಕೊಳ್ಳುತ್ತಾರೆ. ಇದನ್ನು ನಾವು ನಕಲು ಮಾಡಬೇಕಾಗಿಲ್ಲ. ಏಪ್ರಿಲ್ ತಿಂಗಳಲ್ಲಿ ಪೆರೇಸಂದ್ರದ ಹೆದ್ದಾರಿಯಲ್ಲಿ ಬಸ್ಸಿಗೆ ಕಾದವರಿಗೆ ಆ ಶಿಕ್ಷಣ ಆಗಲೇ ಮುಗಿದಿರುತ್ತದೆ.

ಪೆರೇಸಂದ್ರ ಎಂದೆನಲ್ಲ, ಅದು ಅತ್ತೆಯ ತವರು. ಊರಿನವರು ಅಷ್ಟೊಂದು ಸಲಹೆ ಕೊಟ್ಟರಾದರೂ ಯಾರೂ ಕೇಳದ ಪ್ರಶ್ನೆಯೊಂದಿತ್ತು: ಸರೋಜಮ್ಮನಿಗೆ ಈಜು ಬರುತ್ತದೆಯೇ? ಬರುತ್ತಿತ್ತು. ಅವರ ತೋಟದಲ್ಲಿ ಚೌಕದ ದೊಡ್ಡ ಬಾವಿ ಇತ್ತು. ಎತ್ತು ಕಟ್ಟಿ ನೀರೆತ್ತುತ್ತಿದ್ದ ಕಾಲದ ಬಾವಿ. ಇಳಿಯಲು ಒಂದು ಬದಿ ಮೆಟ್ಟಿಲು, ಹಾರಲು ಇನ್ನೊಂದು ಬದಿ ಚಾಚಿದ ಕಲ್ಲು. ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಅತ್ತೆ ಅಲ್ಲಿ ಈಜು ಕಲಿತರು. ಮದುವೆಯಾದ ಮೇಲೂ ಪ್ರತಿ ಬೇಸಿಗೆಗೆ ತವರಿಗೆ ಹೋದರೆ ಮೊದಲು ಬಾವಿ, ಆಮೇಲೆ ಅವರಮ್ಮ. ಸುತ್ತಲಿನವರೆಲ್ಲ ಬೋರ್‌ವೆಲ್ ಕೊರೆಸಿದ ಮೇಲೆ ಆ ಬಾವಿಯ ನೀರು ಕೆಳಕ್ಕೆ ಹೋಯಿತು, ಹೋಗಿ ಮತ್ತೆ ಬರಲಿಲ್ಲ. ಅದಾಗಿ ಹನ್ನೊಂದು ವರ್ಷ ಅತ್ತೆ ನೀರಿಗೆ ಇಳಿದಿರಲಿಲ್ಲ.

ವಿಮಾನದಲ್ಲಿ ಮಾವ ನಿದ್ದೆಹೋದ ಮೇಲೆ ಅತ್ತೆ ನನ್ನ ಕಡೆ ವಾಲಿ, “ಅಲ್ಲಿ ನೀರು ಚೆನ್ನಾಗಿದೆಯಂತೇನೇ?” ಎಂದರು.

“ಸುತ್ತಲೂ ಅದೇ ಇರೋದು ಅತ್ತೆ.”

“ಹಂಗಾದ್ರೆ ಈಜ್ತೀನಿ ಕಣೇ. ನಿಮ್ ಮಾವಂಗೆ ಹೇಳ್ಬೇಡ.”

ಹೇಳಲಿಲ್ಲ. ಆದರೆ ಮಾವ ಇಡೀ ಶಾಲೆಯ ಮಕ್ಕಳನ್ನು ನೋಟದಿಂದಲೇ ಅಳೆದವರು. ಮೊದಲ ದಿನವೇ ಮರಳಿನ ಮೇಲೆ ನಿಂತು ತೀರ್ಪು ಕೊಟ್ಟರು: “ನೋಡೇ, ಮೊಣಕಾಲಿನ ತನಕ. ಅದರ ಮೇಲೆ ಒಂದಿಂಚೂ ಇಲ್ಲ.” ರೆಸಾರ್ಟಿನ ಈಜುಕೊಳದಲ್ಲಿ ಪ್ರಯತ್ನಿಸೋಣವೆಂದರೆ ಅಲ್ಲೊಂದು ಬೋರ್ಡು, ಈಜುಡುಗೆ ಕಡ್ಡಾಯ ಎಂದು. ಸೀರೆಯುಟ್ಟು ಇಳಿಯಹೋದ ಅತ್ತೆಯನ್ನು ಅಲ್ಲಿಯವನು ನಗುತ್ತಲೇ ವಾಪಸು ಕಳಿಸಿದ. ಗಮನಿಸಿ: ಸಮುದ್ರದ ಪಕ್ಕದಲ್ಲಿ ಯಾವ ಬೋರ್ಡೂ ಇರುವುದಿಲ್ಲ. ನಾಲ್ಕು ದಿನ ಅತ್ತೆ ಮೊಣಕಾಲಿನ ತನಕ ನಿಂತರು. ಹಬ್ಬದಡುಗೆಯನ್ನು ಮೂಸಿ ಬಿಡಬೇಕಾದ ಮಧುಮೇಹದವರ ಹಾಗೆ ಅಷ್ಟೂ ನೀರನ್ನು ನೋಡಿದರು.

ಐದನೆಯ ದಿನ ಬೆಳಗ್ಗೆ ಅತ್ತೆ ಸೆರಗು ಬಿಗಿದು, ಕಚ್ಚೆ ಹಾಕಿ ನಡೆದರು. ಮೊಣಕಾಲು ದಾಟಿತು, ಮಾವನ ಸೀಟಿ ಒಮ್ಮೆ ಊದಿತು. ಸೊಂಟಕ್ಕೆ ಬಂತು, ಸೀಟಿ ಉದ್ದಕ್ಕೆ ಊದಿತು. ಆಮೇಲೆ ಅತ್ತೆ ಕೈಚಾಚಿ ನೀರಿನ ಮೇಲೆ ಮಲಗಿಬಿಟ್ಟರು. ಅಲ್ಲಿಂದ ಮುಂದಿನದನ್ನು ಹೇಳುವ ಭಾಷೆ ಸೀಟಿಗೆ ಇರಲಿಲ್ಲ.

ಆ ಕರಾವಳಿಯಲ್ಲಿ ಅಲೆಗಳು ಸೌಮ್ಯ. ಅತ್ತೆ ಒಂದಷ್ಟು ದೂರ ಹೋಗಿ, ಎಡಕ್ಕೆ ತಿರುಗಿ, ಸುತ್ತು ಹೊಡೆಯತೊಡಗಿದರು. ಒಂದು ಸುತ್ತು, ಎರಡು, ಐದು. ಅಲೆ ಬಂದರೆ ಏಳುತ್ತಿದ್ದರು, ಹೋದರೆ ಇಳಿಯುತ್ತಿದ್ದರು, ಸುತ್ತು ಮಾತ್ರ ಜಾಗ ಬಿಡಲಿಲ್ಲ. ನನಗೆ ತಕ್ಷಣ ಗೊತ್ತಾಯಿತು. ಬಾವಿಯಲ್ಲಿ ಕಲಿತವರು ಗೋಡೆಯ ಗುಂಟ ಸುತ್ತಿಯೇ ಈಜುತ್ತಾರೆ; ನೇರ ಹೋದರೆ ನಾಲ್ಕು ಸಲ ಕೈ ಬೀಸುವಷ್ಟರಲ್ಲಿ ಕಲ್ಲು ತಾಕುತ್ತದೆ. ಅಷ್ಟು ದೊಡ್ಡ ಸಮುದ್ರದಲ್ಲಿ ನಮ್ಮತ್ತೆ ಪೆರೇಸಂದ್ರದ ಬಾವಿಯನ್ನು ಅಳತೆ ತಪ್ಪದೆ ತೋಡಿಕೊಂಡು ಅದರೊಳಗೆ ಈಜುತ್ತಿದ್ದರು. ಅವರ ಮುಖದಲ್ಲಿ ಅಂಥ ನಗುವನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಮಾವನಿಗೆ ಕಂಡದ್ದೇ ಬೇರೆ. “ಸುಳಿಗೆ ಸಿಕ್ಕವಳೆ ಕಣೇ, ಅಲ್ಲೇ ತಿರುಗ್ತಾ ಅವಳೆ,” ಎಂದರು.

“ಸುಳಿ ಅಲ್ಲ ಮಾವ, ಅದು ಬಾವಿ,” ಎನ್ನುವಷ್ಟರಲ್ಲಿ ಮಾವ ನೀರಿನಲ್ಲಿದ್ದರು. ಪ್ಯಾಂಟು, ಬೆಲ್ಟು, ಬಿಳಿ ಕ್ಯಾನ್ವಾಸ್ ಶೂ, ಬಾಯಲ್ಲಿ ಸೀಟಿ. ಎದೆಮಟ್ಟಕ್ಕೆ ಹೋದರು. ಮಕ್ಕಳು ಮೈಗೆರಚಿಕೊಳ್ಳುವಂಥ ಒಂದು ಪುಟ್ಟ ಅಲೆ ಬಂತು. ಸೀಟಿ ಗುಳುಗುಳು ಎಂದು ನಿಂತಿತು. ಮಾವ ಕಾಣಲಿಲ್ಲ.

ಆಗ ಅತ್ತೆ ಸುತ್ತು ಮುರಿದರು. ಹುಟ್ಟಿದಾರಭ್ಯ ಅವರು ಅಷ್ಟು ನೇರವಾಗಿ ಈಜಿರಲಿಕ್ಕಿಲ್ಲ. ಮುಳುಗುವವರನ್ನು ಹಿಂದಿನಿಂದ ಕೂದಲು ಹಿಡಿದು ಎಳೆಯಬೇಕು, ಅವರ ಕೈಗೆ ಸಿಗಬಾರದು ಎಂಬುದು ಬಾವಿಯ ಪಾಠ. ಮಾವನ ತಲೆಯಲ್ಲಿ ಆ ಅನುಕೂಲವಿಲ್ಲ, ಆದ್ದರಿಂದ ಕಾಲರ್ ಹಿಡಿದರು. ಸೊಂಟಮಟ್ಟದ ನೀರಿಗೆ ಬಂದಾಗ ಜೀವರಕ್ಷಕ ಓಡಿಬಂದು ಅತ್ತೆಯ ಇನ್ನೊಂದು ಪಕ್ಕದಿಂದ ಆಸರೆ ಕೊಟ್ಟ. ದಡದಲ್ಲಿ ನಾಲ್ಕಾರು ಜನ ಚಪ್ಪಾಳೆ ತಟ್ಟಿದರು. ರೆಸಾರ್ಟಿನ ಫೋಟೋಗ್ರಾಫರ್ ಒಂದು ಚಿತ್ರ ತೆಗೆದ.

ಮಾವ ಸುಧಾರಿಸಿಕೊಂಡ ಮೇಲೆ ಜೀವರಕ್ಷಕ ಅತ್ತೆಯನ್ನು ಕೇಳಿದ, ಯಾಕೆ ಸುತ್ತು ಹೊಡೆಯುತ್ತಿದ್ದಿರಿ ಎಂದು. ನಾನು ಅನುವಾದಿಸಿದೆ. ಅತ್ತೆ ತಲೆ ಒರೆಸಿಕೊಳ್ಳುತ್ತ, “ಇಷ್ಟು ನೀರಲ್ಲಿ ನೇರ ಹೋದ್ರೆ ವಾಪಸ್ ಬರೋದ್ಯಾವಾಗ? ಸುತ್ತು ಹೊಡೆದ್ರೆ ಹೊರಟ ಜಾಗಕ್ಕೇ ಬರ್ತೀನಲ್ಲ, ಹೇಳು ಅವನಿಗೆ,” ಎಂದರು. ಅವನು ನಕ್ಕು, ಇಲ್ಲಿಗೆ ಬರುವ ಅತಿಥಿಗಳಿಗೆಲ್ಲ ಇಷ್ಟು ಬುದ್ಧಿ ಇದ್ದರೆ ನನಗೆ ಕೆಲಸವೇ ಇರುವುದಿಲ್ಲ ಎಂದ. ಉಳಿದ ಎರಡು ದಿನ ಅತ್ತೆ ಬೆಳಗ್ಗೆ ಸಂಜೆ ಈಜಿದರು. ಕೊನೆಯ ದಿನ ಅವರ ಹಿಂದೆ ಮೂವರು ಕೆನಡಾದ ಹೆಂಗಸರು ಸಾಲಾಗಿ ಸುತ್ತುತ್ತಿದ್ದರು. ಇಳಿಯುವವರಿಗೆ ನನ್ನ ಮುಖ್ಯ ಸಲಹೆ ಇದೇ: ನಿಮಗೆ ಗೊತ್ತಿರುವ ನೀರನ್ನು ಜೊತೆಗೆ ಒಯ್ಯಿರಿ.

ಇನ್ನು ಆ ಫೋಟೋ. ಊರಿನ ಕಥೆ ನಿಂತಿರುವುದೇ ಅದರ ಮೇಲೆ. ಮಾವ ಅದಕ್ಕೆ ಕಟ್ಟು ಹಾಕಿಸಿ ನಡುಮನೆಯ ಗೋಡೆಗೆ ತೂಗುಹಾಕಿದರು. ನಡುವೆ ಅತ್ತೆ, ಒಂದು ಕಡೆ ಮಾವ, ಇನ್ನೊಂದು ಕಡೆ ಜೀವರಕ್ಷಕ. ಬಂದವರೆಲ್ಲ ನೋಡಿ, ‘ಪಾಪ, ಇಬ್ಬರು ಹಿಡಿದುಕೊಂಡು ಬರಬೇಕಾಯಿತು’ ಎನ್ನುವರು. ಮಾವ ಹೌದೆನ್ನುತ್ತಿರಲಿಲ್ಲ, ಇಲ್ಲವೆನ್ನುತ್ತಿರಲಿಲ್ಲ, ಹೂಂ ಎನ್ನುತ್ತಿದ್ದರು. ಆ ಹೂಂ ಊರೆಲ್ಲ ಸುತ್ತಿ ತಿಮಿಂಗಿಲವಾಯಿತು.

ಹೋಗಲಿ ಎಂದು ನಾನೂ ಬಿಡುತ್ತಿದ್ದೆನೇನೋ. ಆದರೆ ಕಳೆದ ವರ್ಷ ಮಳೆ ಚೆನ್ನಾಗಿ ಆಗಿ ದಿಬ್ಬೂರಹಳ್ಳಿ ಕಡೆಯ ಒಂದು ಮಾವಿನತೋಪಿನ ಬಾವಿ ತುಂಬಿತು. ನಮ್ಮ ಬೀದಿಯ ಆರು ಹುಡುಗಿಯರು ಅತ್ತೆಯ ಹತ್ತಿರ ಈಜು ಕಲಿಯುತ್ತೇವೆಂದು ಬಂದರು. ಅತ್ತೆ ಅದೇ ದಿನ ಸೋರೆಬುರುಡೆ ಹುಡುಕತೊಡಗಿದರು. ಮರುದಿನ ಒಬ್ಬಳೂ ಬರಲಿಲ್ಲ. “ಅವ್ರನ್ನೇ ಯಾರೋ ಎತ್ಕೊಂಡು ಬಂದ್ರಂತೆ, ಅವ್ರ ಕೈಲಿ ಮಕ್ಕಳನ್ನ ಬಿಡೋದಾ?” ಎಂದು ರತ್ನಮ್ಮ ಬಾಯಿ ತೆರೆದಿದ್ದರು, ಉಳಿದ ತಾಯಂದಿರು ಬಾಗಿಲು ಮುಚ್ಚಿದ್ದರು. ಅತ್ತೆ ಬುರುಡೆಗಳನ್ನು ಅಟ್ಟಕ್ಕೆ ಎತ್ತಿಟ್ಟರು.

ನಾನು ಫೋಟೋವನ್ನು ಗೋಡೆಯಿಂದ ಇಳಿಸಿ ರತ್ನಮ್ಮನ ಜಗಲಿಗೆ ಒಯ್ದೆ. ತಾಯಂದಿರನ್ನೆಲ್ಲ ಕರೆಸಿದೆ. “ಒಂದನೇದು,” ಎಂದೆ, “ಬಾಯಿ ತೆರೆದು ಉಸಿರಿಗೆ ಒದ್ದಾಡ್ತಿರೋರು ಯಾರು? ಎರಡನೇದು, ಜೀವರಕ್ಷಕ ನೋಡ್ತಿರೋದು ಯಾರ ಮುಖಾನ? ಮೂರನೇದು, ಅತ್ತೆ ಕೈ ಎಲ್ಲಿದೆ ಹೇಳಿ. ತನ್ನನ್ನ ಕಾಪಾಡಿದವರ ಕಾಲರ್ ಹಿಡ್ಕೊಂಡು ಬರೋರನ್ನ ಎಲ್ಲಾದ್ರೂ ಕಂಡಿದ್ದೀರಾ?”

ರತ್ನಮ್ಮ ಫೋಟೋವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. “ಅಯ್ಯೋ ರಾಮಾ,” ಎಂದರು ಮೆಲ್ಲಗೆ, “ಬೆಕ್ಕು ಮರೀನ ಕಚ್ಕೊಂಡ್ ಬಂದಂಗೆ ತಂದವ್ರಲ್ಲಮ್ಮಾ ಮೇಷ್ಟ್ರನ್ನ.” ಆಮೇಲೆ, “ಕಳಿಸ್ತೀನಿ. ನಾನೂ ಬರ್ತೀನಿ, ಸುಮ್ನೆ ನೋಡೋಕೆ,” ಎಂದರು.

ಈಗ ಭಾನುವಾರ ಬೆಳಗ್ಗೆ ಆ ತೋಪಿನ ಕಡೆ ಹೋದರೆ ಕೇಕೆ ಕೇಳುತ್ತದೆ. ಆರು ಹುಡುಗಿಯರು ಬುರುಡೆ ಬಿಚ್ಚಿ ಗೋಡೆಗುಂಟ ಸುತ್ತುತ್ತಾರೆ. ಸುಮ್ಮನೆ ನೋಡಲು ಬಂದ ರತ್ನಮ್ಮ ಮೂರನೆಯ ವಾರಕ್ಕೆ ನೀರಿನಲ್ಲಿದ್ದರು. ಮೆಟ್ಟಿಲ ಮೇಲೆ ಒದ್ದೆ ಸೀರೆಯಲ್ಲಿ ನಿಂತ ಅತ್ತೆ, ಸೊಂಟಕ್ಕೆ ಕೈಯಿಟ್ಟು ಎಲ್ಲರನ್ನೂ ಬೈಯುತ್ತಾರೆ. ನನ್ನ ಎಷ್ಟೋ ಗೆಲುವುಗಳಲ್ಲಿ, ನಾನು ನಿಜವೆಂದು ನಂಬಿಕೊಂಡೇ ವಾದಿಸಿದ ಮೊದಲನೆಯದು ಇದು.

ಮಾವನ ಪ್ರತಿವಾದಕ್ಕೆ ನಾನು ತಯಾರಾಗಿದ್ದೆ. ಕಾಲು ಜಾರಿತು ಎಂದರೆ ಒಂದು ಉತ್ತರ, ಜೀವರಕ್ಷಕನನ್ನು ಕರೆಯಲು ಹೋದೆ ಎಂದರೆ ಇನ್ನೊಂದು. ಎರಡೂ ಬೇಕಾಗಲಿಲ್ಲ. ಅತ್ತೆ ಮಾತ್ರ, “ನಿಂಗೆ ಗೆಲ್ಲೋದೊಂದೇ ಕಾಣ್ಸುತ್ತೆ ಕಣೇ,” ಎಂದು ಒಳಗೆ ಹೋದರು. ಆ ಮಾತು ಈಗಲೂ ಮುಳ್ಳಿನ ಹಾಗೆ ಕೂತಿದೆ. ಉತ್ತರ ಮೊದಲೇ ಗೊತ್ತಿಲ್ಲದ ಪ್ರಶ್ನೆಯನ್ನು ಎದುರಾಳಿಗೆ ಕೇಳಬಾರದು ಎಂದು ನಮಗೆ ಕಲಿಸಿದ್ದಾರೆ. ಆ ನಿಯಮ ಮುರಿದು ಒಂದು ಸಂಜೆ ಮಾವನನ್ನು ಕೇಳಿದೆ. ಅವರು ಜಗಲಿಯ ಮೇಲೆ ಕೂತು, ಅತ್ತೆ ತೋಪಿನಿಂದ ಬರುವ ದಾರಿ ನೋಡುತ್ತಿದ್ದರು. ನನ್ನ ಕಡೆ ತಿರುಗಲಿಲ್ಲ.

“ಮಾವ, ಈಜು ಬರೋನು ಇಪ್ಪತ್ತು ಹೆಜ್ಜೆ ದೂರದಲ್ಲೇ ಕೂತಿದ್ದ. ಕೂಗಿದ್ರೆ ಸಾಕಿತ್ತು. ಈಜು ಬರದ ನೀವು, ಶೂ ಕೂಡ ಬಿಚ್ಚದೆ, ಯಾಕೆ ಇಳಿದ್ರಿ?”