ತಾರವ್ವನ ಬೋರಮಾಳ

೨೦೧೬ರ ಫೆಬ್ರವರಿ ೧೧, ಗುರುವಾರ. ಆಧಾರ: ಅಂದು ನಾನೇ ತೆಗೆದ ಛಾಯಾಚಿತ್ರದ ಮೂಲೆಯಲ್ಲಿ ಮೂಡಿರುವ ದಿನಾಂಕ; ವಾರವನ್ನು ಪಂಚಾಂಗದೊಡನೆ ತಾಳೆ ನೋಡಿದ್ದೇನೆ. ಖಾನಾಪುರದ ಅಂಚಿನ ಒಂದು ಸಣ್ಣ ಗುಡಿಯ ಹೊಸ್ತಿಲ ಮೇಲೆ ಗಂಗಕ್ಕ ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು ಕುಳಿತಿದ್ದರು. ಎದುರಿಗೆ ಊರ ಪಂಚರು ಬಂದು ನಿಂತರೂ ಅವರು ಮೇಲೇಳಲಿಲ್ಲ.

ಒಳಗಿನ ದೇವಿ ತಾರವ್ವನಿಗೆ ಉಡಿಸಿ ತೊಡಿಸುವುದು ಗಂಗಕ್ಕನ ಮನೆತನದ ಹಕ್ಕು. ನಸುಕಿನಲ್ಲಿ ಒಬ್ಬರೇ ಒಳಹೊಕ್ಕು ಸೀರೆ ಉಡಿಸಿ, ಪುತಳಿ ಸರ ಇಳಿಬಿಟ್ಟು, ಕೊನೆಗೆ ಬಂಗಾರದ ಗುಂಡುಗಳ ಬೋರಮಾಳವನ್ನು ಕೊರಳಿಗೆ ಒತ್ತಿ ಕಟ್ಟಿದ ಮೇಲೆಯೇ ಚಿಲಕ ತೆಗೆಯುತ್ತಿದ್ದರು. ಆ ಕೊರಳನ್ನು ಅವರ ಹೊರತು ಯಾರೂ ಕಂಡಿರಲಿಲ್ಲ.

ನನ್ನ ಅಧ್ಯಯನದ ವಿಷಯವೇ ಶಿಲ್ಪಗಳ ಮೈಮೇಲೆ ಕೆತ್ತಿದ ಒಡವೆಗಳು. ಬುದ್ಧನ ವಿಗ್ರಹ ಸಾಮಾನ್ಯವಾಗಿ ನಿರಾಭರಣ. ಒಂದು ಕಾಲಕ್ಕೆ ಅಲ್ಲಿ ಕುಂಡಲಗಳಿದ್ದವೆಂಬುದನ್ನು ಜೋತುಬಿದ್ದ ಕಿವಿಗಳಷ್ಟೇ ಹೇಳುತ್ತವೆ. ಆದರೆ ಬೌದ್ಧರ ತಾರಾದೇವಿಗೆ ಹಾರ, ಕಿರೀಟ, ತೋಳಬಂದಿ ಎಲ್ಲವೂ ಉಂಟು. ನಮ್ಮ ದೇವಿಯರಿಗೂ ಉಂಟು. ಕಿರೀಟದ ನಡುವೆ ಪುಟ್ಟ ಬುದ್ಧ ಕುಳಿತಿದ್ದರೆ ಮಾತ್ರ ಆಕೆ ಬೌದ್ಧರವಳೋ ನಮ್ಮವಳೋ ಎಂಬ ಸಂಶಯ ತೀರುತ್ತದೆ. ‘ತಾರವ್ವ’ ಎಂಬ ಹೆಸರು ಕೇಳಿದಾಗಲೇ ನನ್ನ ಕಿವಿ ನೆಟ್ಟಗಾಗಿತ್ತು.

“ತಾರಾದೇವಿಯ ಹೆಸರೇ ಉಳಿದು ಬಂದಿರಬೇಕು, ಗಂಗಕ್ಕಾ,” ಎಂದಿದ್ದೆ.

“ತಾರವ್ವ ನಮ್ಮ ಅತ್ತಿ ಹೆಸರ್ರೀ ಸಾಹೇಬ್ರ. ಬೋರಮಾಳ ಕೊಟ್ಟಾಕಿ ಆಕಿನ. ದೇವರಿಗೆ ಮೊದಲ ಬ್ಯಾರೇ ಹೆಸರಿತ್ತಂತ. ಬಂಗಾರ ಕೊಟ್ಟಾಕಿ ಹೆಸರು ನಿಂತಿತು. ಬರಕೊಂಡಿದ್ದರ ಹೊಡದ ಹಾಕ್ರಿ.”

ಒಡವೆಗಳನ್ನು ಒಂದು ಗಳಿಗೆ ತೆಗೆಯಿರೆಂದು ಕೇಳಿದಾಗಲೆಲ್ಲ ಒಂದೇ ಉತ್ತರ: “ಹೆಣ್ಣಮಗಳನ್ನ ಬರೇ ಕೊಳ್ಳಾಗ ನೋಡತೇನಿ ಅಂತೀರಲ್ಲ, ಸಾಲಿ ಕಲತವರು.”

ಆ ಕೊರಳಿನಲ್ಲಿ ಬಿರುಕಿದೆಯೆಂಬ ಪಿಸುಮಾತು ಆ ಚಳಿಗಾಲದಲ್ಲಿ ಎದ್ದಿತು. ಭಿನ್ನವಾದ ವಿಗ್ರಹ ಪೂಜೆಗೆ ಸಲ್ಲದು, ಮಲಪ್ರಭೆಗೆ ಬಿಡಬೇಕು. ಪಂಚರಲ್ಲಿ ಹಿರಿಯರಾದ, ಉದ್ಯಮಬಾಗದ ಕೈಗಾರಿಕಾ ವಸಾಹತಿನಲ್ಲಿ ಎರಕದ ಫೌಂಡ್ರಿ ನಡೆಸುವ ಬಾಳಾಸಾಹೇಬರು ಆಗಲೇ ಹೊಸ ಮಾರ್ಬಲ್ ಮೂರ್ತಿ ತರಿಸಿದ್ದರು. ಪರೀಕ್ಷಿಸಿ ಹೇಳಲು ರಾಮತೀರ್ಥ ನಗರದ ಮನೆಯಿಂದ ನನ್ನನ್ನು ಕರೆಸಿದ್ದೂ ಅವರೇ.

“ಬಿರುಕ ಬಿಟ್ಟ ಕಾಸ್ಟಿಂಗ್ ನಾವು ವಾಪಸ್ ಭಟ್ಟಿಗಿ ಹಾಕತೇವಿ, ಗಂಗಕ್ಕಾ. ಅದಕ್ಕ ಸರಾ ಹಾಕಿ ಮಾರೂದಿಲ್ಲ,” ಎಂದರು ಬಾಳಾಸಾಹೇಬರು, ಅಂದು ಹೊಸ್ತಿಲೆದುರು ನಿಂತು.

“ನಿನ್ನ ಭಟ್ಟಿಗಿ ಯಾರ ಕೈಮುಗೀತಾರೋ ಬಾಳಾ? ಸಾಹೇಬ್ರು ಒಬ್ಬರ ಒಳಗ ಬರಲಿ. ತಡೀರಿ, ದೀಪಾ ಹಚ್ಚತೇನಿ.”

ಒಬ್ಬರೇ ಒಳಹೊಕ್ಕು ಬಾಗಿಲು ಮುಂದೆ ಮಾಡಿಕೊಂಡರು. ದೀಪ ಹಚ್ಚಲು ಬಹಳ ಹೊತ್ತು ಹಿಡಿಯಿತು. ಕೊನೆಗೆ ನನ್ನನ್ನು ಒಳಗೆ ಕರೆದು ಚಿಲಕ ಹಾಕಿದರು.

ಮೊದಲು ಕಿರೀಟ ನೋಡಿದೆ. ತಲೆಮಾರುಗಳ ಅಭಿಷೇಕಕ್ಕೆ ಅದರ ನಡುಭಾಗ ಸವೆದು ನುಣುಪಾಗಿತ್ತು. ಬುದ್ಧನೋ ಹೂವೋ, ಹೇಳುವಂತಿರಲಿಲ್ಲ. ಅಷ್ಟರಲ್ಲಿ ಗಂಗಕ್ಕ ಬೋರಮಾಳದ ಗಂಟು ಬಿಚ್ಚಿದರು. ಕೆಳಗೆ ಕರಿಗಲ್ಲಿನಲ್ಲೇ ಕೆತ್ತಿದ ಗುಂಡುಗಳ ಹಾರವಿತ್ತು. ಆ ಗುಂಡುಗಳನ್ನು ಸೀಳಿಕೊಂಡು ಕಾಡಿಗೆ ಕಲಸಿದ ಮೇಣದ ಗೆರೆ. ಉಗುರಿನಿಂದ ಮೇಣವನ್ನು ಕೆರೆದು ತೆಗೆದರು. ಬಿರುಕು ಕಂಡಿತು.

“ಅತ್ತಿ ಕಾಲದ್ದ್ರಿ ಇದು. ಅದಕ್ಕ ಬೋರಮಾಳ ಮಾಡಿಸಿದ್ದು,” ಎಂದರು, ದನಿ ತಗ್ಗಿಸಿ.

ಶಿಲ್ಪಶಾಸ್ತ್ರದ ವಿವೇಕ ಇಷ್ಟು: ವಿಗ್ರಹದ ಆಭರಣ ಮುಕ್ಕಾದರೆ ಸರಿಪಡಿಸಿ ಪೂಜಿಸಬಹುದು, ಮುಖ್ಯ ಅಂಗ ಒಡೆದರೆ ನೀರಿಗೆ. ಇದನ್ನು ಗಂಗಕ್ಕನಿಗೆ ಹಿಂದೊಮ್ಮೆ ನಾನೇ ಹೇಳಿದ್ದೆ.

“ಹಂಗಾರ ಈಗ ಹೇಳ್ರಿ. ಒಡದದ್ದು ಆಕಿ ಕೊಳ್ಳೋ, ಕೊಳ್ಳಾಗಿನ ಸರಾನೋ?”

ದೀಪವನ್ನು ಹಾರದ ಹತ್ತಿರಕ್ಕೆ ತಂದು ಹಿಡಿದರು. ಬಿರುಕು ಹಾರದ ಮೇಲಂಚಿನಲ್ಲೇ ನಿಂತುಹೋಗಿರುವುದನ್ನು ಕಂಡೆ. ಛಾಯಾಚಿತ್ರ ತೆಗೆದುಕೊಂಡು ಹೊರಗೆ ಬಂದು ಹೇಳಿದೆ: “ಒಡೆದಿರುವುದು ಹಾರ, ಕೊರಳಲ್ಲ.”

“ಖರೇನ? ಬರದ ಕೊಡತೀರೇನ್ರಿ?” ಎಂದರು ಬಾಳಾಸಾಹೇಬರು.

ಬರೆದು ಕೊಟ್ಟೆ. ಮಾರ್ಬಲ್ ಮೂರ್ತಿ ಫೌಂಡ್ರಿಯ ಗೇಟಿನ ಬಳಿ ಪ್ರತಿಷ್ಠಾಪನೆಯಾಯಿತು; ತಾರವ್ವ ತಾನಿದ್ದಲ್ಲೇ ಉಳಿದಳು.

ಗಂಗಕ್ಕನನ್ನು ಕೊನೆಯ ಬಾರಿ ಕಂಡದ್ದು ನೆಹರು ನಗರದ ಆಸ್ಪತ್ರೆಯಲ್ಲಿ. ತಮ್ಮ ಮೈಯ ಸುದ್ದಿ ಎತ್ತಲಿಲ್ಲ. “ಸೊಸಿ ಬೋರಮಾಳ ಸಡಲ ಕಟ್ಟತಾಳ ಸಾಹೇಬ್ರ. ಮ್ಯಾಲೇರಿಸಿ ಕಟ್ಟು ಅಂತ ಹೇಳ್ರಿ,” ಎಂದರು. ವೃದ್ಧೆಯ ಹಳಹಳಿಕೆ ಎಂದುಕೊಂಡೆ. ಆ ವಾರವೇ ತೀರಿಕೊಂಡರು.

ಈ ಬರಹಕ್ಕಾಗಿ ಆ ಛಾಯಾಚಿತ್ರವನ್ನು ಮೊನ್ನೆ ಕಂಪ್ಯೂಟರಿನಲ್ಲಿ ಹಿಗ್ಗಿಸಿ ನೋಡಿದೆ. ಗಂಗಕ್ಕ ಮೇಣವನ್ನೆಲ್ಲ ನನ್ನ ಕಣ್ಣೆದುರೇ ಕೆರೆದು ತೆಗೆದರೆಂಬುದು ನನ್ನ ನೆನಪು. ಚಿತ್ರದಲ್ಲಿ ಹಾರದ ಅಂಚಿನಿಂದ ಮೇಲಕ್ಕೆ, ಕಿವಿಯ ಬುಡದವರೆಗೂ, ಮೇಣದ ಕಪ್ಪು ಗೆರೆ ಹಸಿಯಾಗಿ ಹೊಳೆಯುತ್ತಿದೆ. ಅದರ ತುದಿಯಲ್ಲಿ ಒತ್ತಿದ ಹೆಬ್ಬೆರಳಿನ ಗುರುತಿದೆ.